ನಮ್ಮ ಮಂಜುಳ ಸುಳ್ಳು ಹೇಳಿರಲಿಲ್ಲ

ಕಳೆದ ಆಷಾಢದಲ್ಲಿ ಒಂದು ಮಧ್ಯಾಹ್ನ ನನ್ನ ವಾರಗಿತ್ತಿ ಮಂಜುಳ ಮುದ್ದೆಯ ತಟ್ಟೆಯನ್ನು ದೂರ ತಳ್ಳಿ, "ಅಕ್ಕ, ಇದ್ರಲ್ಲಿ ಏನೋ ಆಕವ್ರೆ. ನೀನಲ್ಲ, ಅವ್ರು" ಎಂದಳು. ಮಾರಮ್ಮನನ್ನು ನಂಬಿದ ಬಂಧುಗಳೇ, ನಮ್ಮ ಸಂಕಟ ಶುರುವಾದದ್ದು ಹಾಗೆ.

ನಮ್ಮದು ರಾವಂದೂರಿನ ಹತ್ತಿರದ ಹಳ್ಳಿ. ಮಂಜುಳ ನನ್ನ ಮೈದುನ ನಾಗೇಶನ ಹೆಂಡತಿ, ಎಚ್.ಡಿ. ಕೋಟೆ ಕಡೆಯವಳು. ಆರು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ನನಗೆ ಒಡಹುಟ್ಟಿದ ತಂಗಿಯರಿಲ್ಲ. ಇವಳು ಬಂದ ಮೇಲೆ ಆ ಕೊರತೆ ಮರೆತೇಹೋಗಿತ್ತು. ಅಂಥವಳು ಬೋರ್‌ವೆಲ್ ಮೋಟರು ಓಡಿದೊಡನೆ ಕಿವಿ ಮುಚ್ಚಿಕೊಳ್ಳತೊಡಗಿದಳು. ಅದರೊಳಗಿಂದ ನಾಲ್ಕೈದು ಜನ ಅವಳ ಹೆಸರು ಹಿಡಿದು ಬೈಯುತ್ತಾರಂತೆ. ನಾನು ಮೊದಲ ತುತ್ತು ತಿಂದು ತೋರಿಸಿದರೆ ಮಾತ್ರ ಉಣ್ಣುತ್ತಿದ್ದಳು. ಆ ದಿನಗಳಲ್ಲಿ ನಾನು ಎಷ್ಟು ಸಲ ಎರಡೆರಡು ಊಟ ಮಾಡಿದೆನೋ!

ಪಿರಿಯಾಪಟ್ಟಣದ ಡಾಕ್ಟರು ಕೊಟ್ಟ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಹಿತ್ತಲಿನಲ್ಲಿ ಉಗುಳಿಬಿಡುತ್ತಿದ್ದಳು. ನಾಗೇಶ ಕೆಟ್ಟವನಲ್ಲ, ಸೋತುಹೋಗಿದ್ದ. "ಅತ್ತಿಗೆ, ಇದೆಲ್ಲ ನಾಟ್ಕ ಕಣ್ರೀ. ಅವ್ರಪ್ಪನ ಮನೇಲಿ ಬುಟ್ಬುಟ್ಟು ಬತ್ತೀನಿ" ಎಂದ.

"ಒಂದ್ಸಲ ಮೈಸೂರ್ನಲ್ಲಿ ತೋರ್ಸವ. ಆಮೇಲೆ ನಿನ್ನಿಷ್ಟ ಕಣಪ್ಪ" ಎಂದು ಬೇಡಿಕೊಂಡೆ.

ಹೊರಡುವ ದಿನ ಬೆಳಿಗ್ಗೆ ನಮ್ಮೂರ ಮಾರಮ್ಮನ ಮುಂದೆ ನಿಂತು, "ತಾಯಿ, ಇವಳ ತಲೇಲಿ ಏನೂ ತೊಂದರೆ ಇಲ್ಲ ಅಂತ ಡಾಕ್ಟ್ರ ಬಾಯಲ್ಲಿ ಹೇಳಿಸವ್ವಾ" ಎಂದು ಸೆರಗೊಡ್ಡಿದೆ.

ಬಸ್ಸು ಹುಣಸೂರು ಸ್ಟ್ಯಾಂಡಿನಲ್ಲಿ ನಿಂತಾಗ ಮಂಜುಳ ಇಳಿದುಬಿಟ್ಟಳು. ಹಿಂದಿನ ಸೀಟಿನವರು ಫೋನಿನಲ್ಲಿ ತನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಎಂದಳು. ನಾಗೇಶ ರೇಗಿದ. ನಾನು ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡು, ಕೆದರಿದ ಜಡೆ ಬಿಚ್ಚಿ ನಿಧಾನವಾಗಿ ಹೆಣೆದೆ. ಮೂರು ಬಸ್ಸು ಹೋದವು. ನಾಲ್ಕನೆಯದಕ್ಕೆ ಅವಳೇ ಎದ್ದಳು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬರು ಲೇಡಿ ಡಾಕ್ಟರು ಅವಳ ಮಾತನ್ನೆಲ್ಲ ಆತುರವಿಲ್ಲದೆ ಕೇಳಿದರು. ಮಿದುಳಿನಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಬರೆದುಕೊಳ್ಳುವ ಯಂತ್ರವಿದೆ, ಶಾಕ್ ಕೊಡುವುದಲ್ಲ, ಇಂಥ ಕಾಯಿಲೆಗಳ ಅಧ್ಯಯನಕ್ಕೆ ಆ ಪರೀಕ್ಷೆ ಮಾಡುತ್ತಿದ್ದೇವೆ, ನೀವು ಒಪ್ಪಿದರೆ ಮಾತ್ರ ಎಂದರು. ಮಂಜುಳ ನನ್ನ ಕಡೆ ನೋಡಿ, "ಅಕ್ಕ ಕೈ ಇಡ್ಕಂಡಿದ್ರೆ ಮಾಡಿಸ್ಕತೀನಿ" ಎಂದಳು.

ತಲೆಗೆ ಅಂಟು ಹಚ್ಚಿ ವೈರುಗಳನ್ನು ಕೂರಿಸಿದರು. ಕಿವಿಗೆ ಒಂದೇ ಥರದ ಸದ್ದು, ನಡುನಡುವೆ ಬೇರೆ ಥರದ್ದೊಂದು. ನಾನು ಅವಳ ಬೆವೆತ ಕೈ ಹಿಡಿದು ಮನಸ್ಸಿನಲ್ಲೇ ಅಮ್ಮನ ಹೆಸರು ಹೇಳುತ್ತ ಕೂತೆ.

ಕೆಲವು ದಿನ ಬಿಟ್ಟು ಮತ್ತೆ ಹೋದಾಗ ಡಾಕ್ಟರು ಪರದೆಯ ಮೇಲೆ ಎರಡು ಗೆರೆ ತೋರಿಸಿದರು. "ಬೇರೆ ಸದ್ದು ಬಂದಾಗ ಸಾಮಾನ್ಯವಾಗಿ ಗೆರೆ ಹೀಗೆ ಏಳುತ್ತೆ. ಇವರದು ಅಷ್ಟು ಎದ್ದಿಲ್ಲ. ಹೀಗೆ ಧ್ವನಿ ಕೇಳಿಸೋ ಕಾಯಿಲೆ ಇರೋ ಅನೇಕರಲ್ಲಿ ಇದೇ ಥರ ಕಾಣುತ್ತೆ. ಇದೊಂದರಿಂದಲೇ ಕಾಯಿಲೆ ಇಂಥದ್ದು ಅಂತ ಹೇಳೋಕಾಗಲ್ಲ. ಇವರು ಪಡ್ತಿರೋ ಕಷ್ಟ ಎಲ್ಲ ಸೇರಿಸಿ ನೋಡಿದ್ರೆ ಔಷಧಿ ಬೇಕೇ ಬೇಕು."

ಬೇಡಿದ್ದೇನು, ಆದದ್ದೇನು! ಅಮ್ಮನ ಮೇಲೆ ಮುನಿಸು ಬಂತು, ಮುಚ್ಚಿಡುವುದಿಲ್ಲ.

ಮಂಜುಳ ಮಾತ್ರ ಆ ಗೆರೆಯನ್ನೇ ನೋಡುತ್ತಿದ್ದಳು. "ಅಂಗಾರೆ ನಾನು ಸುಳ್ ಏಳ್ತಿಲ್ವಾ ಡಾಕ್ಟ್ರೇ?"

"ಇಲ್ಲಮ್ಮ. ನಿಮಗೆ ಕೇಳಿಸ್ತಿರೋದು ನಿಜ. ಆದ್ರೆ ಬೈಯೋರು ಹೊರಗೆಲ್ಲೂ ಇಲ್ಲ. ಮಿದುಳು ಸುಸ್ತಾಗಿದೆ, ಅದಕ್ಕೇ ಮಾತ್ರೆ."

ಅವಳು ಬಿಕ್ಕಿಬಿಕ್ಕಿ ಅತ್ತಳು. ಬಾಗಿಲ ಬಳಿ ನಿಂತಿದ್ದ ನಾಗೇಶ ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ತಪ್ಪಾಯ್ತು ಕಣೇ ಮಂಜಿ. ನಾನೇ ನಂಬ್ನಿಲ್ಲ." ಅವತ್ತು ಆಸ್ಪತ್ರೆಯ ನಲ್ಲಿಯ ಹತ್ತಿರ ಅವಳು ತಾನಾಗಿ ಮಾತ್ರೆ ನುಂಗಿದಳು.

ಹಬ್ಬಗಳೆಲ್ಲ ಕಳೆದು ಈಗ ಎಷ್ಟೋ ತಿಂಗಳಾಗಿವೆ. ಧ್ವನಿಗಳು ಪೂರ್ತಿ ಹೋಗಿಲ್ಲ, ದೂರ ಸರಿದಿವೆ. "ಬಂದ್ರೂ ಸುಮ್ಕೆ ಇರ್ತೀನಕ್ಕ, ಸಾಕಾಗಿ ಓಯ್ತವೆ" ಎನ್ನುತ್ತಾಳೆ. ಮಾತ್ರೆ ಬಿಟ್ಟಿಲ್ಲ, ನಾಗೇಶ ಬಿಡಗೊಡುವುದೂ ಇಲ್ಲ. ಕಳೆದ ಮಂಗಳವಾರ ನಾವಿಬ್ಬರೂ ತಂಬಿಟ್ಟಿನ ಆರತಿ ಹೊತ್ತು ಗುಡಿಗೆ ಹೋದೆವು.

ಏನೂ ಇಲ್ಲ ಎನ್ನಿಸು ಎಂದು ನಾನು ಬೇಡಿದ್ದೆ. ಡಾಕ್ಟರು ಹಾಗೆಂದಿದ್ದರೆ ನನ್ನ ತಂಗಿಯನ್ನು ನಾಟಕದವಳೆಂದು ತವರಿಗೆ ಅಟ್ಟುತ್ತಿದ್ದರು. ಅದು ತಿಳಿದೇ ಅಮ್ಮ ನನ್ನ ಬೇಡಿಕೆಯನ್ನು ಪಕ್ಕಕ್ಕಿಟ್ಟು ಮಂಜುಳಳನ್ನು ಉಳಿಸಿಕೊಟ್ಟಳು. ಈಗ ಕೈಮುಗಿದಾಗ ಹೀಗೇ ಆಗಲಿ ಎಂದು ಅಮ್ಮನಿಗೆ ಹೇಳಿಕೊಡುವುದಿಲ್ಲ. "ನಿನಗೆ ಗೊತ್ತು ತಾಯಿ" ಎನ್ನುತ್ತೇನೆ, ಅಷ್ಟೇ.