ಬಣ್ಣದಕ್ಕನ ಸರದಿ

ಕಟ್ಟಡದ ಕೆಲಸದಲ್ಲಿ ಮಣ್ಣು ಅಗೆಯುವವನು ಮೊದಲು, ಬಣ್ಣ ಬಳಿಯುವವಳು ಕೊನೆ. ಬಣ್ಣದಕ್ಕನ ಮನೆಯಲ್ಲಿ ಇಬ್ಬರೂ ಇದ್ದರು. ತಮ್ಮ ಮಣ್ಣಗೆಯುವ ಯಂತ್ರದ ಡ್ರೈವರ್; ಅಕ್ಕ ನಾಲ್ವರು ಹೆಂಗಸರನ್ನು ಕಟ್ಟಿಕೊಂಡು ಊರಿನ ಗೋಡೆಗಳಿಗೆಲ್ಲ ಬಣ್ಣ ಹೊಡೆಯುವವಳು. ಕಾಲ ಕೆಡುತ್ತಿದೆಯೆಂದು ತಿಳಿಯಲು ಆಕೆಗೆ ಪೇಪರ್ ಬೇಕಿರಲಿಲ್ಲ. ತಮ್ಮ ಹಾಡಹಗಲೇ ಕಾಲು ಚಾಚಿ ಕೂತರೆ ಸಾಕಿತ್ತು.

ಬೆಲೆ ಏರಿತೆಂದು ದೇಶದ ದೊಡ್ಡ ಬ್ಯಾಂಕು ಬಡ್ಡಿ ಏರಿಸಿದ ವರ್ಷ ಅವನು ಹಾಗೆ ಕೂತ. ಸಾಲ ದುಬಾರಿಯಾಗಿ ಯಾರೂ ಹೊಸ ಮನೆಗೆ ಕೈಹಾಕಲಿಲ್ಲ. ಅದೇ ಹೊತ್ತಿಗೆ ಸರ್ಕಾರ, ಜನರಿಗೆ ಕೆಲಸ ಸಿಗಲೆಂದು, ಊರಂಚಿಗೆ ಆಸ್ಪತ್ರೆ ಮಂಜೂರು ಮಾಡಿತು. ಆದರೆ ಸರ್ಕಾರದ ಹಣ ಕೆಲಸ ಮುಗಿದಂತೆಲ್ಲ ಬರುವಂಥದ್ದು. ಅಲ್ಲಿಯವರೆಗೆ ಸಿಮೆಂಟು, ಕಬ್ಬಿಣಕ್ಕೆ ಗುತ್ತಿಗೆದಾರ ಸಾಲ ಎತ್ತಲೇಬೇಕು. ಬಡ್ಡಿಗೆ ಹೆದರಿ ಅವನು ಬೇಲಿ ಹಾಕಿ ಸುಮ್ಮನಾದ. ಒಬ್ಬರು ಗಾಡಿ ತಳ್ಳುತ್ತಾರೆ, ಇನ್ನೊಬ್ಬರು ಬ್ರೇಕ್ ಒತ್ತುತ್ತಾರೆ ಎಂದು ಬಣ್ಣದಕ್ಕ ಗೊಣಗಿದಳು. ಮೊದಲೇ ಎದ್ದಿದ್ದ ಮನೆಗಳ ಬಣ್ಣ ಬಾಕಿಯಿತ್ತು. ಅದರಲ್ಲೇ ಮನೆ ನಡೆಸಿದಳು, ತಮ್ಮನ ಕಾಲೆಳೆಯುವುದನ್ನೂ ಬಿಡಲಿಲ್ಲ.

ಮರುವರ್ಷ ಗಾಡಿ ತಳ್ಳುವವರಿಗೂ ಬ್ರೇಕ್ ಒತ್ತುವವರಿಗೂ ಬುದ್ಧಿ ಬಂತು. ಬ್ಯಾಂಕು ಬಡ್ಡಿ ಇಳಿಸಿತು, ಸರ್ಕಾರ ಮುಂಗಡ ಕೊಟ್ಟಿತು. ತಮ್ಮನ ಯಂತ್ರ ಗುಡುಗಿತು. ಊರೆಲ್ಲ ಒಟ್ಟಿಗೇ ಅಗೆಯತೊಡಗಿ, ಕರೆದರೂ ಆಳು ಸಿಗದಂತಾಯಿತು.

ಬಣ್ಣದಕ್ಕನಿಗೆ ಮಾತ್ರ ಆಗಲೇ ಗೋಡೆಗಳು ಮುಗಿದದ್ದು. ಹಿಂದಿನ ವರ್ಷ ಕಟ್ಟದ ಮನೆಗೆ ಈಗ ಬಣ್ಣವೆಲ್ಲಿ? ಅವಳ ಹೆಂಗಸರಲ್ಲಿ ಒಬ್ಬಳು ಅಂಗಡಿ ಗುಡಿಸಲು ಹೋಗುತ್ತೇನೆಂದಳು, ಉಳಿದವರು ಮುಖ ಸಣ್ಣದು ಮಾಡಿಕೊಂಡರು. ಬ್ರಷ್ ಹಿಡಿಯುವುದರಿಂದ ಹಿಡಿದು ಕಲಿಸಿದ ಕೈಗಳವು. ಒಮ್ಮೆ ಚದುರಿದರೆ ಮತ್ತೆ ಸೇರುವುದಿಲ್ಲ. ಆಕೆಗೆ ನಿಜಕ್ಕೂ ಭಯವಾಯಿತು. ಆದರೆ ಕೈಕಟ್ಟಿ ಕೂರುವ ಜಾಯಮಾನ ಅವಳದಲ್ಲ. ನಾಲ್ವರನ್ನೂ ಕರೆದುಕೊಂಡು ಆಸ್ಪತ್ರೆಯ ಗುಂಡಿಯ ಬಳಿಗೇ ಹೋದಳು.

ನೆಲಮಾಳಿಗೆಯ ಗೋಡೆಗಳು ಎದ್ದಿದ್ದವು. ಒಳಗೆ ನೀರು ಇಳಿಯದಂತೆ ಅವುಗಳ ಹೊರಮೈಗೆ ಡಾಂಬರು ಬಳಿದು ಆಮೇಲೆ ಸುತ್ತ ಮಣ್ಣು ಮುಚ್ಚಬೇಕು. ಬಳಿಯಲು ಜನ ಸಿಗದೆ ಗುತ್ತಿಗೆದಾರ ತಲೆ ಕೆರೆದುಕೊಳ್ಳುತ್ತಿದ್ದ. ತಾವು ಬಳಿಯುತ್ತೇವೆಂದು ಬಣ್ಣದಕ್ಕ ಮುಂದೆ ಬಂದಾಗ, ಇದು ಬಣ್ಣವಲ್ಲ ಎಂದು ಅವನು ಅನುಮಾನಿಸಿದ.

“ಗೋಡೆ ಗೋಡೆನೇ ಅಲ್ವಾ ಸ್ವಾಮಿ? ಈಗ ಇದು ಕೊಡಿ, ಆಸ್ಪತ್ರೆ ಎದ್ದ ಮೇಲೆ ಬಣ್ಣನೂ ನಮಗೇ ಕೊಡಿ,” ಎಂದಳು.

ಅವನು ಎರಡಕ್ಕೂ ಒಪ್ಪಿದ.

ಕೆಲಸ ಮುಗಿದ ದಿನ ಮೊಣಕೈವರೆಗೆ ಕಪ್ಪಾಗಿ ಹೆಂಗಸರು ಮೇಲೆ ಬಂದರು. ಗೋಡೆ ಕನ್ನಡಿಯಂತೆ ಹೊಳೆಯುತ್ತಿತ್ತು. ಮಣ್ಣು ತಳ್ಳಲು ಯಂತ್ರ ಹತ್ತಿದ ತಮ್ಮನಿಗೇ ಮನಸ್ಸು ಬರಲಿಲ್ಲ.

“ಇಷ್ಟು ಚೆನ್ನಾಗಿ ಬಳಿದಿದ್ದೀರಲ್ಲಕ್ಕಾ, ಮುಚ್ಚಿಬಿಡ್ಲಾ? ಇನ್ಯಾರಿಗೂ ಕಾಣಲ್ಲ.”

ಬಣ್ಣದಕ್ಕ ತನ್ನ ಪಕ್ಕದಲ್ಲಿ ಸಾಲಾಗಿ ನಿಂತವರತ್ತ ನೋಡಿದಳು. ಒಬ್ಬಳೂ ಕಡಿಮೆಯಿರಲಿಲ್ಲ.

“ಮುಚ್ಚೋ. ನಾವು ಐವರೂ ಕಾಣ್ತಿದ್ದೀವಲ್ಲ, ಅಷ್ಟು ಸಾಕು.”