ಇಪ್ಪತ್ತಮೂರನೆಯ ವಾಕ್ಯವನ್ನು ಒಪ್ಪದ ವೈದ್ಯರು

ಹಾವು ಕಡಿತದ ಚಿಕಿತ್ಸೆಯ ಬಗ್ಗೆ ನಮ್ಮ ನಾಡಿನಲ್ಲಿ ನಿಷ್ಠೆಯಿಂದ ಕೆಲಸ ಮಾಡಿದವರ ಪಟ್ಟಿ ಉದ್ದವೇನಲ್ಲ. ಆ ಕಿರುಪಟ್ಟಿಯಲ್ಲಿ ಡಾ. ಮಡಿವಾಳಯ್ಯನವರ ಹೆಸರು ಮೊದಲ ಸಾಲಿನಲ್ಲಿ ನಿಲ್ಲುವಂಥದ್ದು. ದೊಡ್ಡ ಆಸ್ಪತ್ರೆಯ ಆಸರೆಯಿಲ್ಲದೆ ಸೇಡಂ, ಶಹಾಬಾದ, ಚಿಂಚೋಳಿಗಳ ಧೂಳಿನಲ್ಲಿಯೇ ಮೂವತ್ತೆರಡು ವರ್ಷ ಸವೆದು, ಹನ್ನೊಂದು ದೇಶಗಳ ಹದಿನಾರು ತಜ್ಞರು ಕೂಡಿ ರಚಿಸಿದ ಮಾರ್ಗಸೂಚಿಯಲ್ಲಿ ಒಂದು ವಾಕ್ಯವನ್ನು ತಿದ್ದಿಸಿದ ಹಿರಿಯರು ಈಗ ನಿವೃತ್ತರಾಗಿದ್ದಾರೆ. ಅವರ ಅಭಿನಂದನ ಸಂಪುಟಕ್ಕೆ ಸಂಪಾದಕರು ನನ್ನಿಂದ ಕೇಳಿದ್ದು ಎರಡು ಪುಟದ ಸವಿನೆನಪು. ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದುಹಾಕಿದೆ. ಹೊಗಳಲು ಕುಳಿತರೆ ಕೈ ಓಡುತ್ತದೆ, ಮನಸ್ಸು ಕೂರುವುದಿಲ್ಲ. ಆ ವಾಕ್ಯ ತಿದ್ದುಪಡಿಯಾದದ್ದು ನಾನು ಮಾಡಿದ ತಪ್ಪಿನಿಂದ. ಅದನ್ನು ಮುಚ್ಚಿಟ್ಟು ಅವರ ಬಗ್ಗೆ ಏನು ಬರೆದರೂ ಅದು ಸುಳ್ಳಾಗುತ್ತದೆ, ಈ ವಿಷಯದಲ್ಲಿ ಒಮ್ಮೆ ನಾನು ಸುಳ್ಳು ಬರೆದೂ ಆಗಿದೆ.

ಚಿತ್ತಾಪುರದಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ವೈದ್ಯಕೀಯ ಓದಿದ ಮಡಿವಾಳಯ್ಯನವರು ಸೇಡಂನಲ್ಲಿ ನೌಕರಿಗೆ ಸೇರಿದ ಎರಡೇ ವರ್ಷಕ್ಕೆ, 1956ರಲ್ಲಿ, ಮೈಸೂರು ರಾಜ್ಯದ ನೌಕರರಾದರು. “ನಾ ಕುಂತಲ್ಲೇ ಕುಂತೀನಿ, ಸರ್ಕಾರನೇ ಬದಲಾಗ್ಯದ” ಎಂದು ನಗುತ್ತಿದ್ದರು. ಅಲ್ಲಿಯೇ ಅವರು ಹಾವು ಕಡಿತದ ದಾಖಲೆ ಇಡಲು ತೊಡಗಿದ್ದು. ಯಾವ ಹೊತ್ತಿಗೆ ಕಡಿಯಿತು, ಯಾರು ಕಟ್ಟಿದರು, ಯಾತರಿಂದ ಕಟ್ಟಿದರು, ಬೇವಿನೆಲೆ ಅಗಿಸಿದಾಗ ಕಹಿ ಅನಿಸಿತೋ ಇಲ್ಲವೋ, ಎಲ್ಲವೂ ಅದರಲ್ಲಿರುತ್ತಿತ್ತು. 1962ರಲ್ಲಿ ಶಹಾಬಾದಕ್ಕೆ ವರ್ಗವಾದ ಮೇಲೆ ಭಂಕೂರದ ಕಲ್ಲು ಗಣಿಯವರು ಸೈಕಲ್ ಟ್ಯೂಬಿನಿಂದ ಕಟ್ಟಿಕೊಂಡು ಬರುವುದನ್ನೂ ಬರೆದಿಟ್ಟರು. ಮಂತ್ರ ಹಾಕುವ ರಾಮಲಿಂಗ ಎಂಬಾತನನ್ನು ಉಳಿದ ವೈದ್ಯರು ಬೈದು ಅಟ್ಟುತ್ತಿದ್ದರೆ, ಇವರು ಕರೆದು ಕೂರಿಸಿ ಚಹಾ ಕುಡಿಸಿ, “ಮಂತ್ರ ಬ್ಯಾಡ ಅನ್ನಂಗಿಲ್ಲಪಾ. ಆದ್ರ ಗುಡಿಯಾಗ ಕುಂತು ಹಾಕಬ್ಯಾಡ. ಬಸ್ಸಿನ್ಯಾಗ ದವಾಖಾನಿಗೆ ಬರ್ತಾ ಬರ್ತಾ ಹಾಕು” ಎಂದರು. ಆ ವರ್ಷದಿಂದ ರಾಮಲಿಂಗನೇ ರೋಗಿಗಳನ್ನು ಬಸ್ಸು ಹತ್ತಿಸಿ ಕರೆತರುತ್ತಿದ್ದ. ಟಿಕೆಟ್ಟನ್ನೂ ಡಾಕ್ಟರ್ ಸಾಹೇಬರಿಗೇ ತೋರಿಸುತ್ತಿದ್ದ.

1975ರಲ್ಲಿ ಹುಬ್ಬಳ್ಳಿಯಲ್ಲಿ ಓದು ಮುಗಿಸಿದ ನಾನು ಚಿಂಚೋಳಿ ಕಡೆಯ ಒಂದು ಸಣ್ಣ ದವಾಖಾನೆಯಲ್ಲಿ ಅವರ ಕೈಕೆಳಗೆ ಸೇರಿದೆ. ಊಟ ಅವರ ಮನೆಯಲ್ಲೇ. ಅವರ ಪತ್ನಿ ಗುರುಲಿಂಗಮ್ಮನವರು ನಾನು ಎರಡು ರೊಟ್ಟಿಗೆ ಕೈ ತೊಳೆದರೆ ಮೂರನೆಯದನ್ನು ಕೇಳದೆ ಬಡಿಸುತ್ತಿದ್ದರು. ಅವರ ಉಪ್ಪುಂಡವನು ನಾನು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಬರೆಯುವುದು ಸುಲಭವಲ್ಲ.

ಆ ವರ್ಷದ ಶ್ರಾವಣದಲ್ಲಿ ಹೆಸರುಕಾಯಿ ಬಿಡಿಸುವಾಗ ಕೊಡ್ಲಿ ಊರಿನ ಗುಂಡಮ್ಮ ಎಂಬ ಹೆಣ್ಣುಮಗಳ ಕಾಲಿಗೆ ನಾಗರಹಾವು ಕಡಿಯಿತು. ಗಂಡ ಚಂದ್ರಾಮಪ್ಪ ತನ್ನ ಧೋತರದ ಅಂಚು ಹರಿದು ಮೊಣಕಾಲಿನ ಕೆಳಗೆ ಕಟ್ಟಿ, ಗಾಡಿ ಹೂಡಿಕೊಂಡು ಕರೆತಂದ. ಮಡಿವಾಳಯ್ಯನವರು ಸೇಡಂಗೆ ಹೋಗಿದ್ದರು. ಗುಂಡಮ್ಮ ಗಾಡಿಯಿಂದ ಇಳಿಯುವಾಗ ಮಾತಾಡುತ್ತಿದ್ದಳು. ನಮ್ಮ ಕಡೆ ಒಂದು ರೂಢಿಯಿದೆ: ಕಟ್ಟಿದವನು ಗಂಟು ಬಿಚ್ಚಬಾರದು, ಡಾಕ್ಟರನೇ ಬಿಚ್ಚಬೇಕು, ಬಿಚ್ಚಿದರೆ ಜೀವ ಉಳಿದಂತೆ. ಬಂದವರೆಲ್ಲ ಸುತ್ತುಗಟ್ಟಿ, “ಗಂಟ ಬಿಚ್ಚ್ರಿ ಸಾಹೇಬ್ರ, ಕಾಲು ಸಿಡ್ಯಾಕತ್ತದಂತ್ರಿ” ಎಂದರು. ನನ್ನ ಪುಸ್ತಕವೂ ಕಟ್ಟನ್ನು ತಕ್ಷಣ ತೆಗೆಯಬೇಕೆಂದೇ ಹೇಳುತ್ತಿತ್ತು. ರೂಢಿ, ಪುಸ್ತಕ ಎರಡೂ ಒಂದಾದ ಮೇಲೆ ಯೋಚಿಸುವುದೇನು? ಕತ್ತರಿಯಿಂದ ಕತ್ತರಿಸಿದೆ. ಆಮೇಲೆ ಔಷಧಿಯ ಪುಡಿಯನ್ನು ನೀರಿನಲ್ಲಿ ಕರಗಿಸಲು ಒಳಗೆ ಹೋದೆ. ಹನ್ನೆರಡು ನಿಮಿಷದಲ್ಲಿ ಅವಳ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು, ಉಸಿರು ನಿಂತಿತು. ತಡೆದು ನಿಂತಿದ್ದ ವಿಷವನ್ನು ನಾನೇ ಒಮ್ಮೆಗೇ ಮೇಲೆ ಬಿಟ್ಟಿದ್ದೆ.

ಚಂದ್ರಾಮಪ್ಪ ನನ್ನ ಮುಖ ನೋಡಿ, “ಏನಾತ್ರಿ?” ಎಂದ. “ನೀನು ಕಟ್ಟಿದ ಗಂಟು ಸಡಿಲವಾಗಿತ್ತು, ದಾರಿಯಲ್ಲೇ ವಿಷ ಏರಿದೆ” ಎಂದೆ. ದಾಖಲೆ ಪುಸ್ತಕದಲ್ಲಿಯೂ ಹಾಗೆಯೇ ಬರೆದೆ. ಸಂಜೆ ಮರಳಿದ ಮಡಿವಾಳಯ್ಯನವರು ಶವವನ್ನು ನೋಡಿದರು, ದಾಖಲೆ ಓದಿದರು, ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಕೇಳದ ಆ ದಿನದಿಂದ ಗುರುಲಿಂಗಮ್ಮನವರು ಮೂರನೆಯ ರೊಟ್ಟಿ ತರುವ ಮುನ್ನವೇ ನಾನು ತಟ್ಟೆ ಎತ್ತಿಕೊಂಡು ಏಳುತ್ತಿದ್ದೆ.

ಇದಾದ ಮರುವರ್ಷ, ಅವರ ಪ್ರಕಟಿತ ಟಿಪ್ಪಣಿಯೊಂದನ್ನು ಓದಿದ ವಿದೇಶಿ ಪ್ರಾಧ್ಯಾಪಕರೊಬ್ಬರು ಅವರನ್ನು ತಜ್ಞರ ಸಮಿತಿಗೆ ಸೇರಿಸಿಕೊಂಡರು. ಕೆಲಸ ನಡೆಯುತ್ತಿದ್ದುದು ಅಂಚೆಯಲ್ಲಿ. ನಲವತ್ತು ವಾಕ್ಯಗಳ ಕರಡು ಬರುತ್ತಿತ್ತು. ಪ್ರತಿ ವಾಕ್ಯದ ಮುಂದೆ ಒಪ್ಪಿಗೆ ಇದೆ ಅಥವಾ ಇಲ್ಲ ಎಂದು ಗುರುತು ಹಾಕಿ, ಇಲ್ಲವಾದರೆ ಕಾರಣ ಬರೆದು ಕಳಿಸಬೇಕು. ಎಲ್ಲರ ಉತ್ತರ ನೋಡಿ ಕರಡು ತಿದ್ದಿ ಮತ್ತೆ ಕಳಿಸುತ್ತಿದ್ದರು. ಅಂಚೆಯ ಖಂಡಪ್ಪ ಆ ಲಕೋಟೆಗಳನ್ನು ಮದುವೆಯ ಬೀಗರನ್ನು ಕರೆತರುವಂತೆ ಗೌರವದಿಂದ ತಂದುಕೊಡುತ್ತಿದ್ದ. ನಡುವೆ ಒಂದೇ ಒಂದು ಸಭೆ ಪರದೇಶದಲ್ಲಿ ನಡೆಯಿತು. ಹೋಗಲು ಇವರಿಗೆ ಅನುಮತಿ ಸಿಕ್ಕಿತು, ಆದರೆ ಸಭೆ ಮುಗಿದ ಹನ್ನೊಂದನೆಯ ದಿನಕ್ಕೆ. ಹೀಗಾಗಿ ಅವರು ಹೇಳಬೇಕಾದದ್ದನ್ನೆಲ್ಲ ಕಾಗದದಲ್ಲಿಯೇ ಹೇಳಬೇಕಿತ್ತು.

ಇಪ್ಪತ್ತಮೂರನೆಯ ವಾಕ್ಯ ಹೀಗಿತ್ತು: ‘ರೋಗಿ ಆಸ್ಪತ್ರೆಗೆ ಬಂದೊಡನೆ ಕಟ್ಟನ್ನು ಬಿಚ್ಚಬೇಕು.’ ಹದಿನೈದು ಮಂದಿ ಒಪ್ಪಿದ್ದರು. ಕಟ್ಟು ಹೆಚ್ಚು ಹೊತ್ತಿದ್ದರೆ ಕಾಲು ಕೊಳೆಯುತ್ತದೆ ಎಂಬ ಅವರ ಕಾರಣ ಸುಳ್ಳಲ್ಲ. ಮಡಿವಾಳಯ್ಯನವರು ಮಾತ್ರ ಎರಡು ಸುತ್ತಿನಲ್ಲಿಯೂ ‘ಒಪ್ಪಿಗೆಯಿಲ್ಲ’ ಎಂದರು. ಔಷಧಿ ಏರಿಸಲು ತೊಡಗಿದ ಮೇಲೆಯೇ, ವೈದ್ಯನ ಕಣ್ಣೆದುರಿಗೇ, ನಿಧಾನವಾಗಿ ಸಡಿಲಿಸಬೇಕೆಂದು ಅವರ ವಾದ. ಸಮಿತಿಯಿಂದ ಉತ್ತರ ಬಂತು: ನಿಮ್ಮ ಅಭಿಪ್ರಾಯಕ್ಕೆ ಗೌರವವಿದೆ, ಆದರೆ ಗಳಿಗೆ ಗಳಿಗೆಯ ದಾಖಲೆ ಇರುವ ಒಂದಾದರೂ ಪ್ರಕರಣ ಬೇಕು, ತಿಂಗಳೊಳಗೆ ಬಾರದಿದ್ದರೆ ಬಹುಮತದ ವಾಕ್ಯವೇ ನಿಲ್ಲುತ್ತದೆ.

ಅಂಥ ಪ್ರಕರಣ ಒಂದಿತ್ತು. ಅದರ ನಿಮಿಷಗಳೆಲ್ಲ ನನ್ನ ತಲೆಯಲ್ಲಿದ್ದವು. ಆ ಲಕೋಟೆಯನ್ನು ಅವರು ನನ್ನ ಮೇಜಿನ ಮೇಲಿಟ್ಟು ಹೇಳಿದ್ದಿಷ್ಟು: “ಅಕಿ ಕಾಲಿನ ಮ್ಯಾಲೆ ಬೆರಳು ಹೂಳುವಷ್ಟು ಆಳ ಗಂಟಿನ ಬರೆ ಮೂಡಿತ್ತು. ಸಡಿಲ ಗಂಟು ಹಂಗ ಬರೆ ಹಾಕಂಗಿಲ್ಲ ತಮ್ಮಾ. ನಾ ಬರದ್ರ ಅದು ಬರೇ ನನ್ನ ಊಹೆ ಆಗ್ತದ. ನೀ ಬರದ್ರ ಸಾಕ್ಷಿ. ಬರದು ಕೊಡು ಅಂತ ನಾ ಹೇಳಂಗಿಲ್ಲ.”

ಆಗ ನನಗೆ ಉನ್ನತ ವ್ಯಾಸಂಗದ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿತ್ತು. ಬರೆದರೆ ಅದು ಹೋಗಬಹುದು, ನೌಕರಿಯೂ ಹೋಗಬಹುದು. ಬರೆಯದಿದ್ದರೆ ಆ ವಾಕ್ಯ ಎಷ್ಟೋ ಭಾಷೆಗಳಲ್ಲಿ ಅಚ್ಚಾಗಿ, ನನ್ನಂಥ ಎಷ್ಟೋ ಮಂದಿಯ ಕೈಗೆ ಕತ್ತರಿ ಕೊಡುತ್ತದೆ. ಹತ್ತೊಂಬತ್ತು ದಿನ ನಾನು ಒಂದೆಡೆ ಕೂರಲಿಲ್ಲ. ವಾಡಿ ಜಂಕ್ಷನ್ನಿಗೆ ಹೋಗಿ ಮುಂಬೈ ಗಾಡಿ ಹತ್ತಿ ಹೋಗಿಬಿಡಲೇ ಎಂದು ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ಅಡ್ಡಾಡಿ ವಾಪಸು ಬಂದೆ. ಅವರ ಮೇಲೆ ಸಿಟ್ಟೂ ಬಂತು. ಗದರಿಸಿ ಬರೆಸಬಾರದೇ, ಈ ಸೌಜನ್ಯದ ಗಾಣಕ್ಕೆ ನನ್ನನ್ನೇಕೆ ಹಾಕಿದರು ಎಂದು. ಇಪ್ಪತ್ತನೆಯ ದಿನ ಬೆಳಿಗ್ಗೆ ಬರೆದೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕತ್ತರಿಸಿದ್ದು, ಹನ್ನೊಂದು ಇಪ್ಪತ್ತೆರಡಕ್ಕೆ ಉಸಿರು ನಿಂತದ್ದು, ದಾಖಲೆ ತಿರುಚಿದ್ದು. ಕೊನೆಗೆ ಗಂಡನಿಗೆ ಹೇಳಿದ ಮಾತನ್ನೂ ಬರೆದೆ.

ಮಡಿವಾಳಯ್ಯನವರು ನಿಂತೇ ಓದಿದರು. ಕೊನೆಯ ಸಾಲನ್ನು ಬೆರಳಿಟ್ಟು ಎರಡನೆಯ ಸಲ ಓದಿದರು. ಚಂದ್ರಾಮಪ್ಪನಿಗೆ ನಾನು ಹಾಗೆ ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ. “ನಿನಗ ತಿಳೀಲಿ ಅಂತ ಎರಡು ವರ್ಷ ಕಾಯ್ದೆ” ಎಂದರು, “ಅಂವಗ ಯಾರು ಏನ್ ಹೇಳ್ಯಾರ ಅಂತ ಕೇಳಲೇ ಇಲ್ಲ ನಾ. ಇದು ನನ್ನ ತಪ್ಪು.” ಕಾಗದವನ್ನು ಖಂಡಪ್ಪನ ಕೈಗೆ ಕೊಟ್ಟು, ಅದೇ ಗಳಿಗೆಯಲ್ಲಿ ನನ್ನನ್ನು ಕೊಡ್ಲಿಯ ಬಸ್ಸು ಹತ್ತಿಸಿ ತಾವೂ ಹತ್ತಿದರು.

ಆ ಕಾಗದದಿಂದ ವಾಕ್ಯ ತಿದ್ದುಪಡಿಯಾಯಿತು. ಮರುಸುತ್ತಿನಲ್ಲಿ ಹದಿನಾರೂ ಮಂದಿ ಒಪ್ಪಿದರು. ನನ್ನ ವ್ಯಾಸಂಗ ನಾಲ್ಕು ವರ್ಷ ಹಿಂದೆ ಬಿತ್ತು. ಆ ನಾಲ್ಕು ವರ್ಷವೂ ಅವರು ನನ್ನನ್ನು ತಮ್ಮ ಪಕ್ಕದ ಕುರ್ಚಿಯಲ್ಲಿಯೇ ಕೂರಿಸಿಕೊಂಡರು, ಕೇಳಿದವರಿಗೆಲ್ಲ ನನ್ನ ಪರವಾಗಿ ತಾವೇ ಉತ್ತರ ಕೊಟ್ಟರು. ಮಾರ್ಗಸೂಚಿಯ ಪುಸ್ತಕದಲ್ಲಿ ನಾನು ‘ಒಬ್ಬ ಕಿರಿಯ ವೈದ್ಯ’ ಮಾತ್ರ. ಇಂದು ಈ ಸಂಪುಟದಲ್ಲಿ ಆ ಮರೆಯನ್ನು ಸರಿಸುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳೂ ಓದಲಿ.

ಇಂಥ ಸಂಪುಟದ ಲೇಖನ ಹಾರೈಕೆಯಿಂದ ಮುಗಿಯಬೇಕು. ನಿವೃತ್ತರಾದ ಮೇಲೂ ಮಡಿವಾಳಯ್ಯನವರಿಗೆ ಬಿಡುವಿಲ್ಲ. ಮಾರ್ಗಸೂಚಿಯ ಪರಿಷ್ಕೃತ ಕರಡು ಬಂದಿದೆ, ಈಗಾಗಲೇ ನಾಲ್ಕು ವಾಕ್ಯಗಳಿಗೆ ಅವರ ಒಪ್ಪಿಗೆಯಿಲ್ಲ. ಗುರುಲಿಂಗಮ್ಮನವರೊಡನೆ ಅವರು ನೂರ್ಕಾಲ ಬಾಳಲಿ, ಆಯುರಾರೋಗ್ಯದಿಂದ ಇನ್ನೂ ಬಹಳ ವಾಕ್ಯಗಳನ್ನು ಒಪ್ಪದೆ ಇರಲಿ. ಅವರು ನನಗೆ ಮಾಡಿದ ಉಪಕಾರಗಳಲ್ಲಿ ದೊಡ್ಡದು ಯಾವುದು ಎಂದು ಯಾರಾದರೂ ಕೇಳಿದರೆ, ಕೊಡ್ಲಿಯ ಆ ಮಧ್ಯಾಹ್ನ ಎನ್ನುತ್ತೇನೆ. ಚಂದ್ರಾಮಪ್ಪ ಕೊಟ್ಟಿಗೆಯ ಮುಂದೆ ಕುಳಿತು ನನ್ನ ಮಾತನ್ನೆಲ್ಲ ತಲೆ ಎತ್ತದೆ ಕೇಳಿದ. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ನನ್ನನ್ನು ಬಿಟ್ಟು ಮಡಿವಾಳಯ್ಯನವರ ಕಡೆ ತಿರುಗಿದ.

“ಹಂಗಾದ್ರ ನನ್ನ ಗಂಟು ಬಿಗಿ ಇತ್ತೇನ್ರಿ?”

“ಬಿಗಿ ಇತ್ತಪಾ” ಎಂದರು ಅವರು. “ಭಾಳ ಛಲೋ ಕಟ್ಟಿದ್ದಿ.”

“ಎರಡು ವರ್ಷ ಆತ್ರಿ” ಎಂದ ಚಂದ್ರಾಮಪ್ಪ, “ಎತ್ತಿಗೆ ಹಗ್ಗ ಕಟ್ಟಿದ್ರೂ ಮೂರು ಸಲ ಹೋಗಿ ನೋಡಿ ಬರ್ತೀನಿ.”