ಮೇಡಂ ಬರೆದ ಜೋಗುಳ

ಬೀರು ತೆಗೆದೆ, ನುಸಿಗುಳಿಗೆಯ ವಾಸನೆ ಬಂತು. ಸೀರೆಗಳ ಅಡಿಯಲ್ಲಿ ಆ ಹೊದಿಕೆ. ಕಂಪ್ಯೂಟರಿಗೆ ದೂಳು ಕೂರದಿರಲೆಂದು ಮೇಡಂ ಹಳೇ ಸೀರೆ ಹರಿದು ಹೊಲಿದದ್ದು. ಹೊದಿಕೆಯನ್ನು ಜೋಪಾನ ಮಾಡಿದ್ದೇನೆ, ಒಳಗಿದ್ದ ಕಂಪ್ಯೂಟರನ್ನು ಗುಜರಿಗೆ ಹಾಕಿದ್ದೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅರಸೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಅವರು ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದರು. ನಾನು ಮೊದಲು ವಿದ್ಯಾರ್ಥಿನಿ, ಆಮೇಲೆ ಅಲ್ಲೇ ಕೆಲಸಕ್ಕಿದ್ದೆ. ಕೋಣೆಯ ಮೂಲೆಯಲ್ಲಿ ಸೀರೆಯ ಜೋಲಿ, ಅದರಲ್ಲಿ ಅವರ ಮಗಳು. ಮಗು ರಚ್ಚೆ ಹಿಡಿದರೆ ಮೇಡಂ ನೇರ ಕೀಬೋರ್ಡಿಗೆ ಕೈ ಹಾಕುತ್ತಿದ್ದರು. ಅವರೇ ಬರೆದ ಪ್ರೋಗ್ರಾಮಿನಿಂದ ಕಂಪ್ಯೂಟರು ಬೀಪ್ ಬೀಪ್ ಎಂದು ಜೋಗುಳ ನುಡಿಸುತ್ತಿತ್ತು.

"ನಾನ್ ಹಾಡಿದ್ರೆ ಇನ್ನೂ ಜೋರಾಗಿ ಅಳುತ್ತೆ ಕಣೇ, ಇದೇ ವಾಸಿ," ಎನ್ನುತ್ತಿದ್ದರು. ಮಗು ನಿಜಕ್ಕೂ ಮಲಗುತ್ತಿತ್ತು… ನನಗೂ ತೂಕಡಿಕೆ ಬರುತ್ತಿತ್ತು.

ಮೇಡಂ ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ಕೋಣೆ ಈಗ ನನ್ನ ಜೆರಾಕ್ಸ್ ಅಂಗಡಿ. ಜಾಗ ಸಾಲದೆಂದು ಹೋದ ವರ್ಷ ಆ ಹಳೇ ಕಂಪ್ಯೂಟರನ್ನು ಗುಜರಿಗೆ ಕೊಟ್ಟುಬಿಟ್ಟೆ. ಪ್ರೋಗ್ರಾಮನ್ನು ನಕಲು ಮಾಡಿಟ್ಟಿದ್ದೇನಲ್ಲ, ಪೆಟ್ಟಿಗೆ ಯಾಕೆ ಎಂದುಕೊಂಡೆ.

ಜೋಲಿಯಲ್ಲಿ ಮಲಗುತ್ತಿದ್ದ ಆ ಮಗಳು ಮೊನ್ನೆ ಬಾಣಾವರದಿಂದ ಬಂದಳು. ಈಗ ಅವಳಿಗೇ ಕೈಕೂಸು. "ಅಕ್ಕಾ, ಅಮ್ಮನ ಜೋಗುಳ ಒಂದ್ಸಲ ಕೇಳಿಸ್ತೀರಾ?" ಎಂದಳು.

ಲಿನಕ್ಸ್ ಇರುವ ನನ್ನ ಲ್ಯಾಪ್‌ಟಾಪಿಗೆ ಅದನ್ನು ಒಗ್ಗಿಸಲು ಕೂತೆ. ಹಳೇ ಕಂಪ್ಯೂಟರಿನ ಡಾಸ್‌ನಲ್ಲಿ ಸ್ವರ ಹೊರಡಿಸುತ್ತಿದ್ದ ಆಜ್ಞೆ ಇಲ್ಲಿ ನಡೆಯದು. ಬದಲಿ ಬರೆದೆ, ಸ್ವರವೇನೋ ಬಂತು. ಆದರೆ ಒಂದೊಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕು? ಅದಕ್ಕೆ ಮೇಡಂ ಖಾಲಿ ಲೂಪ್ ಬರೆದಿದ್ದರು, ಯಂತ್ರ ಸುಮ್ಮನೆ ಎಣಿಸುತ್ತಾ ಕೂರಲೆಂದು. ಆ ಮುದಿ ಯಂತ್ರ ಎಣಿಸಿ ಮುಗಿಸುವಷ್ಟು ಹೊತ್ತು ಸ್ವರ ನಿಲ್ಲುತ್ತಿತ್ತು. ನನ್ನ ಲ್ಯಾಪ್‌ಟಾಪು ಒಂದೇ ಉಸಿರಿಗೆ ಎಣಿಸಿ ಎಸೆಯಿತು. ಜೋಗುಳ ಕಿರ್ರೆಂದು ಮುಗಿದೇ ಹೋಯಿತು.

ಗುಜರಿ ಅಂಗಡಿಗೆ ಓಡಿದೆ. "ಅದಾ? ಆವತ್ತೇ ಒಡೆದು ಲಾರಿಗೆ ಲೋಡ್ ಮಾಡಾಯ್ತು ಕಣ್ರೀ," ಅಂದರು ಅಂಗಡಿಯವರು.

ಕೊನೆಗೆ ಅಂದಾಜಿನ ಮೇಲೆ ಹೊತ್ತು ತುಂಬಿದೆ. ಒಮ್ಮೆ ಅವಸರ, ಒಮ್ಮೆ ಎಳೆದಂತೆ… ಯಾವುದೂ ಮೇಡಂ ಅವರದಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು. "ಹಿಂಗೇ ಇತ್ತಾ ಅಕ್ಕಾ?"

"ಹೂಂ, ಹಿಂಗೇ," ಎಂದುಬಿಟ್ಟೆ. ಅವಳು ಅದನ್ನು ಫೋನಿಗೆ ಹಾಕಿಕೊಂಡು ಹೋದಳು.

ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದಳು. "ಪಾಪು ಮಲ್ಕೊಂತು ಅಕ್ಕಾ. ಅಮ್ಮನೇ ಬಂದು ಮಲಗಿಸಿದಂಗಾಯ್ತು."

ಫೋನಿಟ್ಟವಳೇ ಬೀರು ತೆಗೆದದ್ದು. ಹೊದಿಕೆ ತೆಗೆದು ನೋಡಿದೆ, ಪೆಟ್ಟಿಗೆಯ ಮೂಲೆಗಳ ಗುರುತು ಬಟ್ಟೆಯಲ್ಲಿ ಹಾಗೇ ಇದೆ. ಆ ಪೆಟ್ಟಿಗೆಯ ಜೊತೆ ಅವಳಮ್ಮ ಇನ್ನೊಂದು ಸಲ ಹೋದದ್ದು ನನಗೊಬ್ಬಳಿಗೇ ಗೊತ್ತು.